ಬಹುಕಾಲ ನಿಂತುಹೋದ ಮರದ ಹಾಯಿದೋಣಿ: ಕೆಲಸ ಮುಗಿಸಿ ನೀರಿಗಿಳಿಸುವಾಗ ದೋಷ ಪತ್ತೆ ಮತ್ತು ನಿವಾರಣೆ

ಮನೆಯಲ್ಲೇ ಕಟ್ಟಲು ಹಿಡಿದ ಮರದ ಹಾಯಿದೋಣಿಯ ಕೆಲಸ ಅರ್ಧಕ್ಕೆ ನಿಂತು, ಹಲವು ವರ್ಷಗಳ ಬಳಿಕ ಮತ್ತೆ ಕೈಗೆತ್ತಿಕೊಂಡಾಗ ಎದುರಾಗುವ ದೋಷಗಳು ಹೊಸ ದೋಣಿಯವೂ ಅಲ್ಲ, ಹಳೆಯ ದೋಣಿಯವೂ ಅಲ್ಲ. ಇನ್ನೂ ನೀರನ್ನೇ ಕಾಣದ ಒಡಲಿನಲ್ಲಿ ಶಿಲೀಂಧ್ರ ಸೇರಿಕೊಂಡಿರಬಹುದು. ಒಮ್ಮೆಯೂ ಗಾಳಿ ತುಂಬಿಕೊಳ್ಳದ ಹಾಯಿಯ ಹೊಲಿಗೆ ಉಗುರಿಗೆ ಬಿಚ್ಚಿಕೊಳ್ಳಬಹುದು. ಆದ್ದರಿಂದ ಇಂತಹ ದೋಣಿಯಲ್ಲಿ ಏನೇ ತಪ್ಪು ಕಂಡರೂ, ಅದನ್ನು ಸರಿಪಡಿಸುವುದು ಹೇಗೆಂದು ಯೋಚಿಸುವ ಮೊದಲು ಅದು ಹುಟ್ಟಿದ್ದು ಯಾವಾಗ ಎಂದು ಕೇಳಿಕೊಳ್ಳಬೇಕು. ಕಟ್ಟುವಾಗ ಹುಟ್ಟಿದ ದೋಷವಾದರೆ, ಅದೇ ಸಾಮಗ್ರಿಯನ್ನು ಅದೇ ರೀತಿಯಲ್ಲಿ ಬಳಸಿದ ಎಲ್ಲ ಕಡೆಗಳಲ್ಲೂ ಅದು ಇರುವ ಸಂಭವವಿದೆ. ಒಂದು ಕಡೆ ಕಂಡದ್ದನ್ನು ಉಳಿದೆಡೆಯೂ ಹುಡುಕಲೇಬೇಕು. ಕೆಲಸ ನಿಂತಿದ್ದ ಕಾಲದ ದೋಷ ಜಾಗಕ್ಕೆ ಕಟ್ಟುಬಿದ್ದಿರುತ್ತದೆ: ಹೊದಿಕೆ ಹರಿದಿದ್ದ ಜಾಗ, ಆಸರೆಯ ಮರ ಒತ್ತಿದ ಜಾಗ, ಗಾಳಿಯಾಡದ ಮೂಲೆ. ಇನ್ನು ನೀರು ಮುಟ್ಟಿದ ಮೇಲೆ ಕಾಣುವ ತೊಂದರೆ ಕೆಲವೊಮ್ಮೆ ದೋಷವೇ ಆಗಿರುವುದಿಲ್ಲ, ಒಣಗಿದ ಮರ ಉಬ್ಬಿ ತನ್ನ ಅಳತೆಗೆ ಮರಳುತ್ತಿರುವುದರ ಲಕ್ಷಣವಾಗಿರುತ್ತದೆ.

ಉಪಕರಣ ಎತ್ತಿಕೊಳ್ಳುವ ಮೊದಲು ಹಳೆಯ ಬಿಲ್ಲು, ಫೋಟೊ, ಡಬ್ಬಿಯ ಮೇಲಿನ ದಿನಾಂಕಗಳನ್ನು ನೋಡಿ, ಯಾವ ಭಾಗವನ್ನು ಯಾವ ವರ್ಷ, ಯಾವ ಅಂಟು ಮತ್ತು ಯಾವ ಸ್ಕ್ರೂ ಬಳಸಿ ಕೂಡಿಸಲಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹಳೆಯ ಕೆಲಸ ಮುಗಿದು ಹೊಸ ಕೆಲಸ ಶುರುವಾಗುವ ಗಡಿಯನ್ನು ದೋಣಿಯ ಮೇಲೆಯೇ ಸೀಮೆಸುಣ್ಣದಿಂದ ಗುರುತು ಮಾಡುವುದು ಒಳ್ಳೆಯದು. ಮುಂದೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ಈ ಗಡಿಯ ಆಸುಪಾಸಿನಲ್ಲೇ ಇರುತ್ತವೆ.

ದೋಣಿಯ ಬಗೆ ಗೊತ್ತಿಲ್ಲದೆ ಸೋರಿಕೆಗೆ ಕೈಹಾಕಬಾರದು

ಮರದ ದೋಣಿಗಳಲ್ಲಿ ನೀರಿನೊಂದಿಗೆ ನಡೆದುಕೊಳ್ಳುವ ರೀತಿಯಿಂದ ಎರಡು ಕುಲಗಳಿವೆ. ಮೊದಲನೆಯದು ಹಲಗೆಗಳನ್ನು ಒಂದರ ಪಕ್ಕ ಒಂದಿಟ್ಟು ಸಂದಿಗೆ ಹತ್ತಿಯ ಎಳೆ ತುಂಬಿ, ಅಥವಾ ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿ ತಾಮ್ರದ ಮೊಳೆ ಹೊಡೆದು ಕಟ್ಟಿದ್ದು. ಈ ದೋಣಿ ನೀರು ಕುಡಿದು ಉಬ್ಬಿದ ಮೇಲಷ್ಟೇ ಸೋರದೆ ನಿಲ್ಲುತ್ತದೆ. ಎರಡನೆಯದು ಪ್ಲೈವುಡ್ ಅಥವಾ ತೆಳು ಪಟ್ಟಿಗಳನ್ನು ಎಪಾಕ್ಸಿಯಿಂದ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಬೆಸೆದು, ಹೆಚ್ಚಿನ ಸಲ ಗಾಜಿನ ಬಟ್ಟೆ ಹೊದಿಸಿ ಕಟ್ಟಿದ್ದು. ಇದಕ್ಕೆ ಉಬ್ಬುವ ಅವಕಾಶವೇ ಇಲ್ಲ. ಮೊದಲ ನಿಮಿಷದಲ್ಲಿ ಸೋರಿದ್ದು ಮೂರನೆಯ ದಿನವೂ ಸೋರುತ್ತದೆ, ಅಷ್ಟರಲ್ಲಿ ನೀರು ಪ್ಲೈವುಡ್‌ನ ಪದರಗಳ ನಡುವೆ ಇನ್ನಷ್ಟು ದೂರ ಹೋಗಿರುತ್ತದೆ.

ಈ ವ್ಯತ್ಯಾಸವನ್ನು ಮರೆತು ಮಾಡುವ ಕೆಲಸದಿಂದ ಹಾಳಾಗುವುದು ಹೆಚ್ಚಾಗಿ ಮೊದಲ ಕುಲದ ದೋಣಿ. ಬಹುಕಾಲ ಒಣಗಿ ನಿಂತ ಹಲಗೆಗಳ ನಡುವೆ ಬೆಳಕು ಕಾಣುವಷ್ಟು ಬಿರುಕು ಬಿಟ್ಟಿದ್ದನ್ನು ನೋಡಿ ಗಾಬರಿಯಾಗಿ, ಆ ಸಂದಿಗೆ ಗಟ್ಟಿಯಾಗುವ ಪುಟ್ಟಿಯನ್ನೋ ಎಪಾಕ್ಸಿಯನ್ನೋ ತುಂಬಿದರೆ, ನೀರಿಗಿಳಿದ ಮೇಲೆ ಉಬ್ಬುವ ಹಲಗೆಗೆ ಜಾಗವಿರುವುದಿಲ್ಲ. ಆಗ ಹಲಗೆಯ ಅಂಚು ಜಜ್ಜಿಹೋಗುತ್ತದೆ, ಮೊಳೆಗಳು ಎಳೆದುಕೊಂಡು ಸಡಿಲವಾಗುತ್ತವೆ, ಒಳಗಿನ ಪಕ್ಕೆಲುಬು ಮರ ಮುರಿಯಲೂಬಹುದು. ಹತ್ತಿಯ ಎಳೆಯನ್ನು ಒಣ ಸಂದಿಗೆ ವಿಪರೀತ ಬಿಗಿಯಾಗಿ ಹೊಡೆದರೂ ಫಲ ಇದೇ. ಒಣಗಿದ ಒಡಲಿಗೆ ಬೇಕಾದದ್ದು ತೇವ ಮತ್ತು ಸಮಯ: ಒಳಗೆ ಒದ್ದೆ ಗೋಣಿಚೀಲ ಹಾಸಿ, ದಿನಕ್ಕೆ ಹಲವು ಬಾರಿ ನೀರು ಚಿಮುಕಿಸಿ, ಸಂದುಗಳು ಎಷ್ಟು ಕೂಡಿಕೊಂಡವು ಎಂದು ಒಂದೆರಡು ವಾರ ನೋಡಿ, ಆಮೇಲೂ ತೆರೆದಿರುವ ಕಡೆ ಮಾತ್ರ ಹತ್ತಿ ಮತ್ತು ಮೆತ್ತಗೇ ಉಳಿಯುವ ಪುಟ್ಟಿ ಬಳಸಬೇಕು. ಬೆಳವಣಿಗೆಯ ಉಂಗುರಗಳಿಗೆ ಸ್ಪರ್ಶರೇಖೆಯ ದಿಕ್ಕಿನಲ್ಲಿ ಮರ ಕುಗ್ಗುವ ಪ್ರಮಾಣ ತಿರುಳಿನಿಂದ ಹೊರಮುಖದ ದಿಕ್ಕಿನಲ್ಲಿ ಕುಗ್ಗುವುದರ ಸುಮಾರು ಎರಡರಷ್ಟಿರುವುದರಿಂದ, ಒಂದೇ ದೋಣಿಯಲ್ಲಿ ಕೆಲವು ಸಂದು ಅಗಲವಾಗಿ, ಕೆಲವು ಕೂದಲೆಳೆಯಷ್ಟೇ ತೆರೆದಿರುವುದು ಸಹಜ. ಹಲಗೆ ಕೊಯ್ದ ರೀತಿ ಬೇರೆಯಾಗಿದೆ ಎಂದಷ್ಟೇ ಅದರ ಅರ್ಥ.

ನಿಂತಲ್ಲೇ ಸೊಟ್ಟಗಾದ ಒಡಲು

ಬಣ್ಣ ಬಳಿದ ಮೇಲೆ ಆಕಾರದ ದೋಷ ಹುಡುಕಿ ಪ್ರಯೋಜನವಿಲ್ಲದ ಕಾರಣ ಇದನ್ನು ಮೊದಲೇ ನೋಡಬೇಕು. ದೋಣಿಯ ಭಾರವನ್ನು ಅಡಿಮರ (ಒಡಲಿನ ತಳದ ನಡುವೆ ಉದ್ದಕ್ಕೂ ಇರುವ ಮರ) ಹೊರಬೇಕು. ಪಕ್ಕದ ಆಸರೆಗಳು ಅದು ವಾಲದಂತೆ ಹಿಡಿದರೆ ಸಾಕು. ಇದು ತಿರುಗುಮುರುಗಾಗಿ ವರ್ಷಗಟ್ಟಲೆ ನಿಂತ ದೋಣಿಯಲ್ಲಿ ಆಸರೆ ಒತ್ತಿದ ಕಡೆ ಒಡಲು ಒಳಕ್ಕೆ ತಗ್ಗಿರುತ್ತದೆ, ಎರಡೂ ತುದಿಗಳು ಜೋತುಬಿದ್ದು ಅಡಿಮರ ನಡುವೆ ಮೇಲಕ್ಕೆ ಬಾಗಿರುತ್ತದೆ. ಅಡಿಮರದ ಉದ್ದಕ್ಕೂ ತೆಳುವಾದ ದಾರವನ್ನು ಬಿಗಿಯಾಗಿ ಕಟ್ಟಿ, ಅಲ್ಲಲ್ಲಿ ಅಂತರ ಅಳೆದು ನಕ್ಷೆಯೊಂದಿಗೆ ಹೋಲಿಸಿ. ತಿರುಚಿಕೊಂಡಿದೆಯೇ ಎಂದು ತಿಳಿಯಲು ಮುಂದೆ, ನಡುವೆ, ಹಿಂದೆ ಒಂದೊಂದು ನೇರವಾದ ಪಟ್ಟಿಯನ್ನು ಅಡ್ಡಲಾಗಿಟ್ಟು ಹಿಂದಿನಿಂದ ಒಂದೇ ಕಣ್ಣಿನಲ್ಲಿ ನೋಡಿದರೆ ಸಾಕು. ರಸಮಟ್ಟಕ್ಕಿಂತ ಈ ನೋಟವೇ ಹೆಚ್ಚು ಸೂಕ್ಷ್ಮ.

ಡೆಕ್ (ದೋಣಿಯ ಮೇಲ್ಹಾಸು) ಇನ್ನೂ ಕೂಡಿಸಿಲ್ಲವಾದರೆ ನೀವು ಅದೃಷ್ಟವಂತರು. ಆಸರೆಗಳನ್ನು ಸರಿಯಾದ ಜಾಗಕ್ಕೆ ಬದಲಿಸಿ, ಬೆಣೆಗಳನ್ನು ದಿನಕ್ಕೆ ಸ್ವಲ್ಪವೇ ಬಿಗಿಯುತ್ತ ಹೋದರೆ ತೆರೆದ ಒಡಲು ಬಹಳ ಮಟ್ಟಿಗೆ ಮರಳಿ ಬರುತ್ತದೆ; ಆ ಬಳಿಕ ಅಡ್ಡಗೋಡೆ ಮತ್ತು ಡೆಕ್‌ಗಳನ್ನು ಕೂಡಿಸಿದರೆ ಆಕಾರ ಅಲ್ಲಿಗೇ ನಿಲ್ಲುತ್ತದೆ. ಡೆಕ್ ಆಗಲೇ ಬೆಸೆದುಹೋಗಿದ್ದರೆ ಕೆಲವು ಮಿಲಿಮೀಟರಿನ ವ್ಯತ್ಯಾಸವನ್ನು ಒಪ್ಪಿಕೊಂಡು ಮುಂದೆ ಸಾಗುವುದೇ ವಿವೇಕ. ಆದರೆ ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಸರಿಯದಂತೆ ತಳದಿಂದ ನೀರಿಗಿಳಿಸುವ ಹಲಗೆ) ಕೂರುವ ಪೆಟ್ಟಿಗೆ ಮತ್ತು ಕೂವೆಮರದ (ಹಾಯಿ ಹೊರುವ ಕಂಬದ) ಬುಡಗಟ್ಟು ಒಂದೇ ನೇರದಲ್ಲಿವೆಯೇ ಎಂಬುದನ್ನು ಮಾತ್ರ ರಾಜಿಯಿಲ್ಲದೆ ನೋಡಬೇಕು.

ಮರ: ಮೆತ್ತಗಾದ ಜಾಗ, ಕಪ್ಪಾದ ಜಾಗ

ತೇವಾಂಶ ಶೇಕಡ 20ಕ್ಕಿಂತ ಕೆಳಗೆ ಉಳಿದ ಮರದಲ್ಲಿ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಮಳೆನೀರು ಉಪ್ಪುನೀರಿಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಉಪ್ಪು ಶಿಲೀಂಧ್ರಕ್ಕೆ ಆಗದು. ಹಾಗಾಗಿ ದಡದಲ್ಲೇ ನಿಂತ ದೋಣಿ ಸಮುದ್ರದಲ್ಲಿದ್ದ ದೋಣಿಗಿಂತ ಬೇಗ ಕೊಳೆಯುವುದುಂಟು. ಹುಡುಕಬೇಕಾದ ಜಾಗಗಳು ಹೆಚ್ಚೇನಿಲ್ಲ: ಹಲಗೆಗಳ ತುದಿ, ಹಿಂಬದಿಯ ಅಡ್ಡಹಲಗೆಯ ಕೆಳ ಅಂಚು, ಕೂವೆಮರದ ಬುಡಗಟ್ಟು, ಡೆಕ್‌ನ ಕೆಳಗಿನ ಮೂಲೆಗಳು, ಬಣ್ಣ ಕಾಣದೆ ಉಳಿದ ಪ್ಲೈವುಡ್ ಅಂಚು. ಕೊಡತಿಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋದಾಗ ಗಟ್ಟಿ ಮರ ಟಣ್ ಎನ್ನುತ್ತದೆ, ಹಾಳಾದ ಮರದ ಸದ್ದು ಮಂಕಾಗಿರುತ್ತದೆ. ಸಂಶಯ ಬಂದ ಕಡೆ ದಬ್ಬಣವನ್ನು ಎಳೆಗೆ ಅಡ್ಡಲಾಗಿ ಚುಚ್ಚಿ ಮೀಟಿ. ಉದ್ದನೆಯ ಸಿಬಿರು ಎದ್ದರೆ ಮರ ಚೆನ್ನಾಗಿದೆ, ಪುಡಿಪುಡಿಯಾಗಿ ತುಂಡು ಎದ್ದರೆ ಕೊಳೆತ ಶುರುವಾಗಿದೆ.

ಎರಡು ಮೊನೆಯ ತೇವಾಂಶ ಮಾಪಕ ಒಳ್ಳೆಯ ಸಾಧನವಾದರೂ ಅದನ್ನು ಕಣ್ಣುಮುಚ್ಚಿ ನಂಬಬಾರದು. ಅದು ಅಳೆಯುವುದು ವಿದ್ಯುತ್ ಹರಿವನ್ನು. ಆದ್ದರಿಂದ ಅಡಗಿದ ಸ್ಕ್ರೂ, ಉಪ್ಪು, ತಾಮ್ರ ಬೆರೆತ ಅಡಿಬಣ್ಣ, ಇವುಗಳಲ್ಲಿ ಯಾವುದಿದ್ದರೂ ಒಣ ಮರವನ್ನೂ ಒದ್ದೆಯೆಂದು ತೋರಿಸುತ್ತದೆ. ಅಂಕಿಯೊಂದನ್ನು ನೋಡುವ ಬದಲು ಇಡೀ ಒಡಲಿನಲ್ಲಿ ಅಂಕಿ ಹೇಗೆ ಬದಲಾಗುತ್ತದೆ ಎಂದು ನೋಡಿ, ಸುತ್ತಲಿಗಿಂತ ಏಕಾಏಕಿ ಏರಿದ ಜಾಗದಲ್ಲಿ ಕಾರಣ ಹುಡುಕಿ. ಎಪಾಕ್ಸಿ ಹಚ್ಚುವ ಮರ ಶೇಕಡ 12ರಿಂದ 15ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. 18 ದಾಟಿದ್ದರೆ ಕಾಯಬೇಕು. ತೇವ ತುಂಬಿದ ಮರವನ್ನು ಎಪಾಕ್ಸಿಯಿಂದ ಮುಚ್ಚುವುದೆಂದರೆ ಕೊಳೆತವನ್ನು ಒಳಗಿಟ್ಟು ಬೀಗ ಹಾಕಿದಂತೆ.

ಕಪ್ಪು ಕಲೆಗಳೆಲ್ಲವೂ ಕೊಳೆತವಲ್ಲ. ಓಕ್‌ನಂತಹ ಟ್ಯಾನಿನ್ (ಒಗರಿನ ಅಂಶ) ಹೆಚ್ಚಿರುವ ಮರದಲ್ಲಿ ಕಬ್ಬಿಣದ ಮೊಳೆಯ ಸುತ್ತ ನೀಲಿಗಪ್ಪು ಬಣ್ಣ ಹರಡುತ್ತದೆ. ಅಲ್ಲಿ ಮೊದಲು ಸಂಶಯಪಡಬೇಕಾದದ್ದು ಮೊಳೆಯನ್ನು. ತೆಳು ದ್ರವದ ಎಪಾಕ್ಸಿಯನ್ನು ಕೊಳೆತ ಮರಕ್ಕೆ ಕುಡಿಸಿ ಗಟ್ಟಿ ಮಾಡುವ ಉಪಾಯ ಅಲಂಕಾರದ ಪಟ್ಟಿಗೆ ನಡೆದೀತು. ಭಾರ ಹೊರುವ ಮರಕ್ಕೆ ಅದನ್ನು ನಾನು ಒಪ್ಪುವುದಿಲ್ಲ. ಕೊಳೆತದ ಗಡಿಯಿಂದ ಎಳೆಯ ಉದ್ದಕ್ಕೆ ಸಾಕಷ್ಟು ದೂರ ಗಟ್ಟಿ ಮರದವರೆಗೆ ಕತ್ತರಿಸಿ, ದಪ್ಪದ ಕನಿಷ್ಠ ಎಂಟರಷ್ಟು ಉದ್ದದ ಓರೆ ಬೆಸುಗೆಯಿಂದ ಹೊಸ ಮರ ಕೂಡಿಸುವುದೇ ಸರಿಯಾದ ದಾರಿ.

ಹಳೆಯ ಅಂಟು, ಹಳೆಯ ಡಬ್ಬಿ

ನಿಂತ ದೋಣಿಯಲ್ಲಿ ಅತ್ಯಂತ ಹೆಚ್ಚು ಗೊಂದಲವಾಗುವುದು ಅಂಟಿನ ವಿಷಯದಲ್ಲಿ. ಮೊದಲು ಹಳೆಯ ಬೆಸುಗೆಗಳನ್ನು ಗುರುತಿಸಿ. ನೇರಳೆಗೆಂಪು ಗೆರೆ ಕಂಡರೆ ಅದು ರೆಸಾರ್ಸಿನಾಲ್ ಎಂಬ ಅಂಟು. ಬೆಸುಗೆ ಬಿಗಿಯಾಗಿ ಕುಳಿತಿದ್ದರೆ ಅದರ ಬಗ್ಗೆ ಚಿಂತೆ ಬೇಡ. ಯೂರಿಯಾ ಫಾರ್ಮಾಲ್ಡಿಹೈಡ್ ಪುಡಿ ಅಂಟು ತೇವ ಮತ್ತು ಬಿಸಿಯ ಏರಿಳಿತದಲ್ಲಿ ವರ್ಷಗಳು ಕಳೆದಂತೆ ಪೆಡಸಾಗಿ ಬಿಟ್ಟುಕೊಳ್ಳುತ್ತದೆ. ಮೇಜು ಕುರ್ಚಿಗೆ ಬಳಸುವ ಬಿಳಿ ಅಂಟು ನೀರಿನಲ್ಲಿ ಮೆತ್ತಗಾಗುವುದರಿಂದ ಅದು ದೋಣಿಯ ಒಡಲಿನಲ್ಲಿ ಎಲ್ಲಿಯೂ ಇರಕೂಡದು. ಪರೀಕ್ಷೆಗೆ ಕಟ್ಟುವಾಗ ಉಳಿದ ತುಂಡುಗಳೇ ಸಾಕು: ಬೆಸುಗೆಗೆ ಉಳಿಯಿಟ್ಟು ಸೀಳಿದಾಗ ಮರವೇ ಹರಿದು ಎರಡೂ ಮುಖಗಳಲ್ಲಿ ಮರದ ಎಳೆ ಉಳಿದರೆ ಅಂಟು ಮರಕ್ಕಿಂತ ಗಟ್ಟಿ ಎಂದಾಯಿತು, ಹೊಳೆಯುವ ನುಣುಪಾದ ಅಂಟಿನ ಮುಖ ಕಾಣಿಸಿದರೆ ಆ ಕಂತಿನಲ್ಲಿ ಕೂಡಿಸಿದ ಎಲ್ಲ ಬೆಸುಗೆಗಳನ್ನೂ ಸಂಶಯದಿಂದ ನೋಡಬೇಕು.

ಉಳಿದುಹೋದ ಎಪಾಕ್ಸಿ ಡಬ್ಬಿಗಳನ್ನು ಎಸೆಯುವ ಮುನ್ನ ಪರೀಕ್ಷಿಸಿ. ಎರಡು ದ್ರವಗಳಲ್ಲಿ ಮೂಲವಾದ ರೆಸಿನ್ ಬಿಳಿಚಿ ಹರಳುಗಟ್ಟಿದ್ದರೆ ಅದು ಕೆಟ್ಟಿಲ್ಲ; ಡಬ್ಬಿಯನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿಟ್ಟು, ತಳದಲ್ಲಿ ಒಂದು ಹರಳೂ ಉಳಿಯದಂತೆ ತಿಳಿಯಾಗುವವರೆಗೆ ಕಲಕಿದರೆ ಮೊದಲಿನಂತಾಗುತ್ತದೆ. ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿರುವುದೂ ಸಾಮಾನ್ಯ, ಅದರಿಂದ ಶಕ್ತಿ ಕುಂದುವುದಿಲ್ಲ, ಬಣ್ಣವಿಲ್ಲದ ವಾರ್ನಿಷ್ ಮುಖಕ್ಕೆ ಮಾತ್ರ ಅದು ಹೊಂದದು. ಆದರೂ ದೋಣಿಗೆ ಹಚ್ಚುವ ಮೊದಲು ಸ್ವಲ್ಪವೇ ತೂಗಿ ಕಲಸಿ, ಎರಡು ಮರದ ತುಂಡು ಕೂಡಿಸಿ, ಪೂರ್ತಿ ಗಟ್ಟಿಯಾದ ಮೇಲೆ ಮುರಿದು ನೋಡಲೇಬೇಕು.

ಹಚ್ಚಿದ ಎಪಾಕ್ಸಿ ಸರಿಯಾಗಿ ಗಟ್ಟಿಯಾಗದಿದ್ದರೆ ಅದು ಹೇಗೆ ಮೆತ್ತಗಿದೆ ಎಂಬುದೇ ಕಾರಣವನ್ನು ಹೇಳುತ್ತದೆ. ಇಡೀ ಜಾಗ ಒಂದೇ ಸಮನೆ ರಬ್ಬರಿನಂತೆ ಉಳಿದಿದ್ದರೆ ಪ್ರಮಾಣ ತಪ್ಪಿದೆ. ಗಾತ್ರದ ಪ್ರಮಾಣ ಮತ್ತು ತೂಕದ ಪ್ರಮಾಣ ಬೇರೆ ಬೇರೆ ಎಂಬುದನ್ನು ಮರೆತು ಒಂದರ ಅಂಕಿಯನ್ನು ಇನ್ನೊಂದಕ್ಕೆ ಬಳಸುವುದರಿಂದ ಹೀಗಾಗುವುದು ಹೆಚ್ಚು. ಹೆಚ್ಚು ಹಾರ್ಡನರ್ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಪಾಲಿಯೆಸ್ಟರ್ ರೆಸಿನ್‌ನಿಂದ ಬಂದದ್ದು, ಎಪಾಕ್ಸಿಗೆ ಅದು ಸಲ್ಲದು. ಅಲ್ಲಲ್ಲಿ ಮಾತ್ರ ಅಂಟಂಟಾಗಿದ್ದರೆ ಪಾತ್ರೆಯ ಅಂಚು ಮತ್ತು ತಳದಲ್ಲಿದ್ದದ್ದು ಕಲಸಿಕೊಂಡಿಲ್ಲ. ಇವೆರಡರಲ್ಲೂ ಕಾದು ಪ್ರಯೋಜನವಿಲ್ಲ, ಮೇಲೆ ಇನ್ನೊಂದು ಪದರ ಹಚ್ಚಿಯೂ ಪ್ರಯೋಜನವಿಲ್ಲ. ಪೂರ್ತಿ ಕೆರೆದು ತೆಗೆಯಬೇಕು. ಒಳಗೆ ಗಟ್ಟಿಯಾಗಿದ್ದು ಮೇಲೆ ಮಾತ್ರ ಜಿಡ್ಡು ಕೈಗೆ ಹತ್ತಿದರೆ, ಅದು ತಂಪು ಮತ್ತು ತೇವದ ಹವೆಯಲ್ಲಿ ಹಾರ್ಡನರ್‌ನಿಂದ ಮೇಲೆದ್ದ ಪೊರೆ. ಅದು ನೀರಿನಲ್ಲಿ ಕರಗುತ್ತದೆ. ಒರಟು ಸ್ಪಂಜು ಮತ್ತು ಶುದ್ಧ ನೀರಿನಿಂದ ತೊಳೆದು ಒರೆಸಿ, ಅನಂತರವೇ ಸ್ಯಾಂಡ್‌ಪೇಪರ್ ಹಿಡಿಯಿರಿ. ಮೊದಲೇ ಉಜ್ಜಿದರೆ ಆ ಜಿಡ್ಡು ಗೀರುಗಳೊಳಗೆ ಸೇರಿ ಮುಂದಿನ ಪದರ ಕಚ್ಚುವುದಿಲ್ಲ. ನಿಧಾನವಾಗಿಯಾದರೂ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದ್ದರೆ ಅದು ಚಳಿಯ ಕೆಲಸ, ಅದಕ್ಕೆ ಬೆಚ್ಚಗಿನ ಗಾಳಿಯೇ ಮದ್ದು.

ವರ್ಷಗಳ ಹಿಂದೆ ಗಟ್ಟಿಯಾದ ಎಪಾಕ್ಸಿಯೊಂದಿಗೆ ಹೊಸದು ರಾಸಾಯನಿಕವಾಗಿ ಬೆಸೆಯುವುದಿಲ್ಲ, ಅದು ಕಚ್ಚಿಕೊಳ್ಳುವುದು ಗೀರುಗಳನ್ನು ಮಾತ್ರ. ಆದ್ದರಿಂದ ಗಡಿಯ ಜಾಗವನ್ನು ತೊಳೆದು, 80ರ ತರಿಯ ಸ್ಯಾಂಡ್‌ಪೇಪರಿನಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಬೇಕು. ಬಣ್ಣವಿಲ್ಲದೆ ಬಿಸಿಲಿಗೆ ಬಿದ್ದಿದ್ದ ಎಪಾಕ್ಸಿ ಸುಣ್ಣದಂತೆ ಪುಡಿಯಾಗಿದ್ದರೆ, ಆ ಪುಡಿ ಮುಗಿದು ಗಟ್ಟಿ ಪದರ ಸಿಗುವವರೆಗೂ ಉಜ್ಜುವುದು ಅನಿವಾರ್ಯ. ಹೊಸ ಪದರದಲ್ಲಿ ಸಣ್ಣ ಗುಳ್ಳೆಗಳೇಳುವುದು ಮರದೊಳಗಿನ ಗಾಳಿ ಬಿಸಿಗೆ ಹಿಗ್ಗಿ ಹೊರಬರುವುದರಿಂದ; ಬೆಳಿಗ್ಗೆ ಬಿಸಿಯೇರುವಾಗ ಹಚ್ಚುವ ಬದಲು ಸಂಜೆ ಬಿಸಿ ಇಳಿಯುವಾಗ ಹಚ್ಚಿದರೆ ಮರವೇ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಬಣ್ಣದ ವಿಷಯದಲ್ಲಿ ಹೇಳಬೇಕಾದದ್ದು ಒಂದೇ. ಎಪಾಕ್ಸಿಯ ಮೇಲೆ ಸಾಮಾನ್ಯ ಎಣ್ಣೆಬಣ್ಣ ದಿನಗಟ್ಟಲೆ ಒಣಗದೆ ಉಳಿದರೆ ತಪ್ಪು ಬಹುಶಃ ಬಣ್ಣದ್ದಲ್ಲ, ಕೆಳಗಿನ ಎಪಾಕ್ಸಿಯ ಹಾರ್ಡನರ್‌ನಲ್ಲಿರುವ ಅಮೀನ್ ಎಂಬ ರಾಸಾಯನಿಕ ಅದನ್ನು ಒಣಗಲು ಬಿಡುತ್ತಿಲ್ಲ. ಕೆರೆದು, ತೊಳೆದು, ಎಪಾಕ್ಸಿಗೆ ಹೊಂದುವ ಪ್ರೈಮರ್ ಹಚ್ಚಿ ಮತ್ತೆ ಬಳಿಯಿರಿ.

ಲೋಹ

ಒಂದೊಂದು ಭಾಗದಿಂದ ಒಂದೆರಡು ಸ್ಕ್ರೂಗಳನ್ನು ಹೊರತೆಗೆದು ನೋಡದೆ ದೋಣಿಯ ಬಗ್ಗೆ ಯಾವ ತೀರ್ಮಾನಕ್ಕೂ ಬರಬಾರದು. ಹಿತ್ತಾಳೆಯ ಸ್ಕ್ರೂ ತುಸು ಗುಲಾಬಿ ಬಣ್ಣಕ್ಕೆ ತಿರುಗಿ, ತಿರುಗಿಸುವಾಗಲೇ ಮುರಿದರೆ ಅದರೊಳಗಿನ ಸತು ಕರಗಿಹೋಗಿ ತಾಮ್ರದ ಜಾಳು ಮಾತ್ರ ಉಳಿದಿದೆ. ಅದೇ ಪೊಟ್ಟಣದ ಉಳಿದವುಗಳನ್ನೂ ಸಿಲಿಕಾನ್ ಕಂಚಿನವುಗಳಿಗೆ ಬದಲಿಸಬೇಕು. ಸ್ಟೇನ್‌ಲೆಸ್ ಉಕ್ಕು ಗಾಳಿಯಲ್ಲಿ ಹೊಳೆಯುತ್ತಿದ್ದರೂ, ಒದ್ದೆ ಮರದೊಳಗೆ ಆಮ್ಲಜನಕ ಸಿಗದ ಕಡೆ ಗುಳಿಬಿದ್ದು ಸವೆಯುತ್ತದೆ, ತಲೆ ನೋಡಿ ಕಾಂಡವನ್ನು ಅಳೆಯಲಾಗದು. ಸೀಸದ ಅಡಿಭಾರವನ್ನು (ದೋಣಿ ಮಗುಚದಂತೆ ತಳಕ್ಕೆ ಕೂಡಿಸಿದ ತೂಕವನ್ನು) ಹಿಡಿದಿರುವ ಬೋಲ್ಟ್‌ಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಕನಿಷ್ಠ ಒಂದನ್ನಾದರೂ ಪೂರ್ತಿ ಎಳೆದು, ಮರ ಮತ್ತು ಸೀಸ ಕೂಡುವ ಮಟ್ಟದಲ್ಲಿ ಅದರ ದಪ್ಪ ಕಡಿಮೆಯಾಗಿದೆಯೇ ಎಂದು ನೋಡಬೇಕು.

ದಡದಲ್ಲೇ ಸೋರಿಕೆ ಹುಡುಕುವುದು

ಎಪಾಕ್ಸಿ ದೋಣಿಯನ್ನು ನೀರಿಗಿಳಿಸುವ ಮೊದಲೇ ಒಳಗೆ ನೀರು ಸುರಿದು ಪರೀಕ್ಷಿಸಬಹುದು, ಆದರೆ ಮಿತಿಯಿಂದ. ನೀರಿನಲ್ಲಿರುವಾಗ ಒಡಲನ್ನು ಸುತ್ತಲಿನ ನೀರು ಹೊರುತ್ತದೆ, ದಡದಲ್ಲಿ ಅದನ್ನು ಹೊರುವವರಿಲ್ಲ. ಒಂದು ಚದರ ಮೀಟರಿಗೆ 5 ಸೆಂಟಿಮೀಟರ್ ನೀರೆಂದರೆ 50 ಕಿಲೋ ಭಾರ. ಅದಕ್ಕಿಂತ ಹೆಚ್ಚು ತುಂಬುವ ಅಗತ್ಯವಿಲ್ಲ. ಹೊರಗಿನ ಸಂದುಗಳಿಗೆ ಟಾಲ್ಕಂ ಪುಡಿ ಅಥವಾ ಸೀಮೆಸುಣ್ಣದ ಹುಡಿ ಉಜ್ಜಿಟ್ಟರೆ ಕಣ್ಣಿಗೆ ಕಾಣದ ಜಿನುಗು ಕೂಡ ಗೆರೆಯಾಗಿ ಮೂಡುತ್ತದೆ. ಸೆಂಟರ್‌ಬೋರ್ಡ್ ಪೆಟ್ಟಿಗೆಯ ಸೀಳನ್ನು ಕೆಳಗಿನಿಂದ ಮುಚ್ಚಿ, ಬಣ್ಣ ಕಲಸಿದ ನೀರನ್ನು ಮೇಲಿನವರೆಗೆ ತುಂಬಿ ಒಂದು ರಾತ್ರಿ ಬಿಡಿ. ಈ ಜಾತಿಯ ದೋಣಿಗಳಲ್ಲಿ ಸೋರಿಕೆಯ ಮೊದಲ ಆರೋಪಿ ಈ ಪೆಟ್ಟಿಗೆ, ಅದರಲ್ಲೂ ಅದು ಅಡಿಮರಕ್ಕೆ ಕೂಡುವ ಬೆಸುಗೆ ಮತ್ತು ಬೋರ್ಡ್ ತಿರುಗುವ ಬೋಲ್ಟಿನ ರಂಧ್ರ.

ತೇಲುಪೆಟ್ಟಿಗೆಗಳನ್ನು (ದೋಣಿ ಮುಳುಗದಂತೆ ಕಾಯುವ ಮುಚ್ಚಿದ ಗಾಳಿಕೋಣೆಗಳನ್ನು) ಗಾಳಿಯಿಂದ ಪರೀಕ್ಷಿಸುವಾಗ ಇನ್ನೂ ಎಚ್ಚರ ಬೇಕು. 10 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮನಾದ ಒತ್ತಡವೆಂದರೆ ಕೇಳಲು ಅತ್ಯಲ್ಪ. ಆದರೆ ಅದು ಒಂದು ಚದರ ಮೀಟರಿನ ಮುಚ್ಚಳವನ್ನು ಸುಮಾರು 100 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ಟೈರಿಗೆ ಗಾಳಿ ತುಂಬುವ ಯಂತ್ರವನ್ನು ಹತ್ತಿರ ಸುಳಿಯಗೊಡಬೇಡಿ. ಪಾರದರ್ಶಕ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ ನೀರು ತುಂಬಿ ಪೆಟ್ಟಿಗೆಗೆ ಜೋಡಿಸಿ, ಬಾಯಿಂದಲೇ ಊದಿ ಎರಡೂ ಕಡೆಯ ನೀರಿನ ಮಟ್ಟದಲ್ಲಿ 3ರಿಂದ 5 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಸಾಕು. ಮಟ್ಟ ಇಳಿಯುತ್ತಿದ್ದರೆ ಸಂದುಗಳಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ನೋಡಿ. ಮೋಡ ಕವಿದು ಬಿಸಿಲು ಬದಲಾಗುತ್ತಿರುವಾಗ ಮಾಡಿದರೆ ಒಳಗಿನ ಗಾಳಿ ತಣ್ಣಗಾಗಿಯೂ ಮಟ್ಟ ಇಳಿಯುತ್ತದೆ, ಇಲ್ಲದ ಸೋರಿಕೆಯನ್ನು ಹುಡುಕುತ್ತ ಕೂರಬೇಕಾಗುತ್ತದೆ. ಪೆಟ್ಟಿಗೆಯೊಳಗೆ ಹಳೆಯ ಫೋಮ್ ಇದ್ದರೆ ಒಂದು ತುಂಡನ್ನು ಕತ್ತರಿಸಿ ಹಿಂಡಿ. ನೀರು ಬಂದರೆ ಅದನ್ನು ಪೂರ್ತಿ ತೆಗೆಯಬೇಕು.

ನೀರಿಗಿಳಿಸಿದ ದಿನ

ಟ್ರೇಲರ್ ಕೂಡ ದೋಣಿಯಷ್ಟೇ ವರ್ಷ ನಿಂತಿರುತ್ತದೆ. ಟೈರಿನ ಹಲ್ಲು ಹೊಸದರಂತಿದ್ದರೂ ಪಕ್ಕದ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸಿ, ಬೇರಿಂಗ್‌ಗೆ ಹೊಸ ಗ್ರೀಸ್ ತುಂಬಿ. ದೂರ ಸಾಗಿ ಬಂದು ಬಿಸಿಯಾದ ಬೇರಿಂಗ್ ಒಮ್ಮೆಲೇ ತಣ್ಣೀರಿಗಿಳಿದರೆ ನೀರನ್ನು ಒಳಕ್ಕೆ ಹೀರುವುದರಿಂದ, ತಣಿಯಲು ಬಿಟ್ಟು ಆಮೇಲೆ ಇಳಿಸಬೇಕು. ಕೂವೆಮರ ಎತ್ತುವ ಮೊದಲು ತಲೆಯೆತ್ತಿ ವಿದ್ಯುತ್ ತಂತಿಗಳಿವೆಯೇ ಎಂದು ನೋಡಿ. ಒಡಲಿನ ನೀರಿಳಿಸುವ ತೂತುಗಳ ಬಿರಡೆಗಳು ಬಿಗಿಯಾಗಿವೆ ಎಂದು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೈಯಿಂದ ಮುಟ್ಟಿ ಖಚಿತಪಡಿಸಬೇಕು: ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗಿರುವ 25 ಮಿಲಿಮೀಟರಿನ ತೂತಿನಿಂದ ನಿಮಿಷಕ್ಕೆ ಸುಮಾರು 55 ಲೀಟರ್ ನೀರು ಒಳಬರುತ್ತದೆ, ಕೈಪಂಪಿನಿಂದ ಅದರೊಂದಿಗೆ ಹೆಚ್ಚು ಹೊತ್ತು ಸೆಣಸಲಾಗದು.

ಇಳಿಸಿದ ಕೂಡಲೇ ದೋಣಿಯನ್ನು ಟ್ರೇಲರಿಗೆ ಬಿಗಿದ ಪಟ್ಟಿಗಳನ್ನು ಬಿಚ್ಚಬೇಡಿ, ಟ್ರೇಲರನ್ನೂ ಹೊರಗೆಳೆಯಬೇಡಿ. ಒಡಲಿನೊಳಗೆ ಒಂದು ಅಂಕಣದಿಂದ ಇನ್ನೊಂದಕ್ಕೆ ನೀರು ಹರಿಯುವ ಸಣ್ಣ ಕಂಡಿಗಳನ್ನು ಜೇಡಿಮಣ್ಣಿನಿಂದ ತಾತ್ಕಾಲಿಕವಾಗಿ ಮುಚ್ಚಿಡಿ. ದೋಣಿಯೊಳಗೆ ನೀರು ಯಾವಾಗಲೂ ತಗ್ಗಿನ ಜಾಗಕ್ಕೆ ಹರಿದು ನಿಲ್ಲುವುದರಿಂದ, ಕಂಡ ಜಾಗವೇ ಬಂದ ಜಾಗವಾಗಿರುವುದು ಅಪರೂಪ; ಕಂಡಿ ಮುಚ್ಚಿದರೆ ಅದು ಹೊಕ್ಕ ಅಂಕಣದಲ್ಲೇ ಉಳಿಯುತ್ತದೆ. ಬಳಿಕ ಅಂಕಣವನ್ನು ಒರೆಸಿ ಒಣಗಿಸಿ, ಒಣ ಕಾಗದದ ಪಟ್ಟಿಗಳನ್ನು ಸಂದುಗಳ ಮೇಲಿಟ್ಟರೆ ಮೊದಲು ನೆನೆಯುವ ಪಟ್ಟಿ ಜಾಗ ತೋರಿಸುತ್ತದೆ.

ಹಲಗೆ ಜೋಡಿಸಿದ ದೋಣಿಯಾದರೆ ನೋಡಬೇಕಾದದ್ದು ಸೋರಿಕೆಯ ಗತಿಯನ್ನು. ಎಷ್ಟು ಹೊತ್ತಿಗೊಮ್ಮೆ ನೀರು ಹೊರಹಾಕಬೇಕಾಯಿತು ಎಂದು ಬರೆಯುತ್ತ ಹೋಗಿ. ಆ ಅಂತರ ದಿನೇ ದಿನೇ ಹೆಚ್ಚುತ್ತಿದ್ದರೆ ಹಲಗೆ ಉಬ್ಬುತ್ತಿದೆ, ಕಾಯಿರಿ. ಹಲವು ದಿನ ಒಂದೇ ಸಮನೆ ಇದ್ದರೆ ಉಬ್ಬುವಿಕೆಯಿಂದ ಮುಚ್ಚದ ಯಾವುದೋ ತೂತು, ಸಡಿಲ ಸ್ಕ್ರೂ ಅಥವಾ ಹತ್ತಿ ತಪ್ಪಿದ ಸಂದು ಇದೆ. ಅಂತರ ಕಡಿಮೆಯಾಗುತ್ತಿದ್ದರೆ ಒಡನೆಯೇ ಮೇಲೆತ್ತಿ. ಒಡಲಿನ ಅಡಿಗೆ ಮರದ ಹೊಟ್ಟನ್ನು ತೂರಿಬಿಟ್ಟು, ಒಳಹರಿಯುವ ನೀರಿನೊಂದಿಗೆ ಅದು ಸಂದಿಗೆ ಸೇರಿಕೊಳ್ಳುವಂತೆ ಮಾಡುವ ಹಳೆಯ ಉಪಾಯ ಒಂದು ರಾತ್ರಿಯ ಮಟ್ಟಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ನಿಂತಾಗ ಒಣಗಿರುವ ದೋಣಿ ಓಡುವಾಗ ಮಾತ್ರ ಸೋರಿದರೆ ನೀರ್ಗೆರೆಯ ಕೆಳಗೆ ಹುಡುಕಿ ದಣಿಯಬೇಡಿ. ವಾಲಿದಾಗ ನೀರಿಗಿಳಿಯುವ ಡೆಕ್ ಅಂಚಿನ ಬೆಸುಗೆ, ಬೋರ್ಡಿನ ಪಕ್ಕದ ಒತ್ತಡಕ್ಕೆ ಬಾಯ್ಬಿಡುವ ಪೆಟ್ಟಿಗೆಯ ಬುಡ, ಚುಕ್ಕಾಣಿಯ ಕೀಲುಗಳ ಬೋಲ್ಟು, ಇವುಗಳನ್ನು ನೋಡಿ. ಇನ್ನು ಉಪ್ಪುನೀರಿನಲ್ಲಿರುವ ದೋಣಿಯೊಳಗಿನ ನೀರು ಸಪ್ಪೆಯಾಗಿದ್ದರೆ ಅದು ಬಂದದ್ದು ಮೇಲಿನಿಂದ.

ಅಂದುಕೊಂಡದ್ದಕ್ಕಿಂತ ಆಳಕ್ಕೆ ಕುಳಿತ ದೋಣಿ

ಬಹುಕಾಲದ ದೋಣಿಗಳು ನಕ್ಷೆಗಿಂತ ಭಾರವಾಗಿರುವುದು ಬಹುಮಟ್ಟಿಗೆ ನಿಯಮವೇ, ಏಕೆಂದರೆ ನಿಂತು ನಿಂತು ಮಾಡುವ ಕೆಲಸದಲ್ಲಿ ಪ್ರತಿ ಬಾರಿಯೂ ಒಂದಿಷ್ಟು ಪುಟ್ಟಿ, ಒಂದಿಷ್ಟು ಬಲಪಟ್ಟಿ ಸೇರುತ್ತದೆ. ಎಷ್ಟು ಹೆಚ್ಚಾಗಿದೆ ಎಂದು ಲೆಕ್ಕ ಹಾಕುವುದು ಸುಲಭ. ನೀರ್ಗೆರೆಯ ಉದ್ದ ಮತ್ತು ಅಗಲಗಳನ್ನು ಗುಣಿಸಿ, ಅದರ ಸುಮಾರು ಶೇಕಡ 68ರಷ್ಟನ್ನು ತೆಗೆದುಕೊಂಡರೆ ನೀರಿನ ಮಟ್ಟದಲ್ಲಿ ದೋಣಿಯ ವಿಸ್ತೀರ್ಣ ಸಿಗುತ್ತದೆ. 5 ಮೀಟರ್ ಉದ್ದ, 1.8 ಮೀಟರ್ ಅಗಲಕ್ಕೆ ಅದು ಸುಮಾರು 6.1 ಚದರ ಮೀಟರ್. ಅಂದರೆ ಸಿಹಿನೀರಿನಲ್ಲಿ ಪ್ರತಿ 61 ಕಿಲೋಗೆ ದೋಣಿ 1 ಸೆಂಟಿಮೀಟರ್ ಇಳಿಯುತ್ತದೆ. ಮೂರು ಸೆಂಟಿಮೀಟರ್ ಆಳಕ್ಕೆ ಕುಳಿತಿದ್ದರೆ 180 ಕಿಲೋ ಎಲ್ಲಿಂದ ಬಂತು ಎಂದು ಕೇಳಬೇಕು, ಮುಚ್ಚಿದ ತೇಲುಪೆಟ್ಟಿಗೆಯಲ್ಲಿ ನೀರು ನಿಂತಿದೆಯೇ ಎಂದು ಮೊದಲು ನೋಡಬೇಕು. ಒಂದು ಪಕ್ಕಕ್ಕೆ ಅಥವಾ ಒಂದು ತುದಿಗೆ ವಾಲಿದ್ದರೆ ಅಡಿಭಾರವನ್ನು ಕಾಯಂ ಮಾಡುವ ಮುನ್ನ ನೀರಿನ ಕ್ಯಾನುಗಳನ್ನು ಅತ್ತಿತ್ತ ಸರಿಸಿ ಸರಿಯಾದ ಜಾಗ ಕಂಡುಕೊಳ್ಳಿ.

ಹಾಯಿ ಏರಿಸಿದ ಮೇಲೆ

ಹೊಲಿಗೆಯ ದಾರ ಹಾಯಿಯ ಬಟ್ಟೆಗಿಂತ ಮೊದಲು ಬಿಸಿಲಿಗೆ ಸೋಲುತ್ತದೆ. ಬಟ್ಟೆ ಗಟ್ಟಿಯಾಗಿದ್ದರೂ ಹೊಲಿಗೆಯನ್ನು ಉಗುರಿನಿಂದ ಗೀರಿ ನೋಡಿ. ಕೂವೆಮರದಲ್ಲಿ ಎಳೆಯ ಉದ್ದಕ್ಕೆ ಇರುವ ಸಣ್ಣ ಬಿರುಕಿಗೆ ಹೆದರಬೇಕಿಲ್ಲ, ಎಳೆಗೆ ಅಡ್ಡಲಾಗಿ ಕೂದಲಷ್ಟು ತೆಳುವಾದ ಸುಕ್ಕು ಕಂಡರೆ ಮಾತ್ರ ಅದನ್ನು ಎತ್ತಿ ನಿಲ್ಲಿಸಲೇಬೇಡಿ, ಅದು ಒತ್ತಡಕ್ಕೆ ಒಳಗೊಳಗೇ ಮುರಿದ ಮರ. ಕೂವೆಮರವನ್ನು ಹಿಡಿದಿರುವ ಸ್ಟೇನ್‌ಲೆಸ್ ತಂತಿಯಲ್ಲಿ ಒಂದೇ ಒಂದು ಎಳೆ ತುದಿಯ ಹಿಡಿಕೆಯ ಬಳಿ ಮುರಿದಿದ್ದರೂ ಇಡೀ ತಂತಿಯನ್ನು ಬದಲಿಸಬೇಕು.

ದೋಣಿ ತಾನಾಗಿ ಗಾಳಿಯತ್ತ ತಿರುಗಲು ಎಳೆಯುವುದು ಸ್ವಲ್ಪ ಮಟ್ಟಿಗೆ ಬೇಕಾದ ಗುಣವೇ; ಚುಕ್ಕಾಣಿ 3ರಿಂದ 5 ಡಿಗ್ರಿ ತಿರುಗಿದ್ದರೆ ಸಾಕಾಗಬೇಕು. ಎರಡೂ ಕೈಯಿಂದ ಹಿಡಿಯಬೇಕಾದರೆ ಕೂವೆಮರ ಹಿಂದಕ್ಕೆ ಹೆಚ್ಚು ವಾಲಿದೆ, ಹಾಯಿ ಹಳತಾಗಿ ಹೊಟ್ಟೆ ಬಿಟ್ಟಿದೆ, ಅಥವಾ ದೋಣಿಯನ್ನು ವಿಪರೀತ ವಾಲಿಸಿ ಓಡಿಸಲಾಗುತ್ತಿದೆ. ಈ ಮೂರನೆಯದನ್ನು ಮೊದಲು ಸರಿಪಡಿಸಿ ನೋಡಿ, ಅದಕ್ಕೆ ಉಪಕರಣ ಬೇಡ. ಅದರಿಂದಲೂ ಆಗದಿದ್ದರೆ ಕೂವೆಮರದ ಮುಂಬದಿಯ ತಂತಿಯನ್ನು ತುಸು ಬಿಗಿದು ಕೂವೆಮರವನ್ನು ನೆಟ್ಟಗೆ ಮಾಡಿ, ಎತ್ತಿ ಹಿಂದಕ್ಕೆ ಮಡಚಿಕೊಳ್ಳುವ ಸೆಂಟರ್‌ಬೋರ್ಡ್ ಆಗಿದ್ದರೆ ಅದನ್ನು ಸ್ವಲ್ಪ ಮೇಲೆತ್ತಿ. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಗಾಳಿಯಿಂದ ಆಚೆ ತಿರುಗುವ ದೋಣಿ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಚುಕ್ಕಾಣಿ ಬಿಟ್ಟರೆ ಅದು ನಿಲ್ಲುವುದಿಲ್ಲ. ಅದನ್ನು ಸರಿಪಡಿಸದೆ ದಡದಿಂದ ದೂರ ಹೋಗಬಾರದು.

ಸೆಂಟರ್‌ಬೋರ್ಡ್ ಮೊದಲ ದಿನ ಸಲೀಸಾಗಿ ಇಳಿದು ವಾರದ ಬಳಿಕ ಸಿಕ್ಕಿಕೊಂಡರೆ ಬೋರ್ಡಿನ ಮರ ನೀರು ಕುಡಿದು ಉಬ್ಬಿದೆ. ಹೊರತೆಗೆದು ಪೂರ್ತಿ ಒಣಗಿಸಿ, ಎರಡೂ ಪಕ್ಕ ಸುಮಾರು 3 ಮಿಲಿಮೀಟರ್ ಸಡಿಲ ಉಳಿಯುವಂತೆ ಕೀಸಿ, ಅಂಚಿಗೂ ಬೋಲ್ಟಿನ ರಂಧ್ರದ ಒಳಗೋಡೆಗೂ ಎಪಾಕ್ಸಿ ಹಚ್ಚಬೇಕು. ಮಗುಚಿದಾಗ ದೋಣಿ ಎಷ್ಟು ತೇಲುತ್ತದೆ, ಒಳಗಿನ ನೀರನ್ನು ಹೊರಹಾಕಲು ಸಾಧ್ಯವೇ ಎಂಬುದನ್ನು ಸಣ್ಣ ದೋಣಿಯಾದರೆ ಎದೆಮಟ್ಟದ ನೀರಿನಲ್ಲಿ, ಇನ್ನೊಂದು ದೋಣಿ ಜೊತೆಗಿರುವಾಗ, ಜೀವರಕ್ಷಕ ಜಾಕೆಟ್ ಹಾಕಿಕೊಂಡು ಬೇಕೆಂದೇ ಮಗುಚಿ ಪರೀಕ್ಷಿಸಿ.

ಮೊದಲ ಕೆಲವು ಬಾರಿ ಓಡಿಸಿದ ಮೇಲೆ ತಂತಿಗಳು ಸಡಿಲವಾಗುವುದು ಸಹಜ, ಅವನ್ನು ಮತ್ತೆ ಬಿಗಿಯಬಹುದು. ಅಡಿಭಾರದ ಬೋಲ್ಟಿನ ತಲೆಯ ಸುತ್ತ ತುಕ್ಕುಬಣ್ಣದ ನೀರು ಜಿನುಗುತ್ತಿದ್ದರೆ ಮಾತ್ರ ಸ್ಪಾನರ್ ಹಿಡಿದು ಬಿಗಿಯಲು ಹೋಗಬಾರದು: ಒಳಗೆ ಸವೆದ ಬೋಲ್ಟ್ ಆ ಬಿಗಿತಕ್ಕೇ ತುಂಡಾಗುತ್ತದೆ. ದೋಣಿಯನ್ನು ಮೇಲೆತ್ತಿ, ಭಾರವನ್ನು ಕೆಳಗಿನಿಂದ ಆನಿಸಿ, ಬೋಲ್ಟನ್ನು ಹೊರಗೆಳೆದು ನೋಡಿದ ಮೇಲೆಯೇ ಅದನ್ನು ಉಳಿಸುವುದೋ ಬದಲಿಸುವುದೋ ನಿರ್ಧರಿಸಬೇಕು.